ಸ್ಟೆಂಟ್ ಹಾಕಿದ್ದಾಯ್ತು, ಭಯಕ್ಕೆ ಏನು ಮಾಡೋದು?

ಅಪ್ಪನ ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇತ್ತು, ಅದನ್ನು ತೆರೆದಿಡೋಕೆ ಸ್ಟೆಂಟ್ ಅನ್ನೋ ಸಣ್ಣ ಜಾಲರಿ ಕೊಳವೆ ಹಾಕಿಸಿ ಮೂರು ತಿಂಗಳಾಯ್ತು. ಹಾಕುವ ಹಿಂದಿನ ರಾತ್ರಿ ವಾರ್ಡಿನ ಮಂಚದ ಮೇಲೆ ಕೂತು, ಎಲ್‌ಐಸಿ ಬಾಂಡ್ ಎಲ್ಲಿಟ್ಟಿದ್ದೀನಿ, ಹಾಲಿನವನಿಗೆ ಎಷ್ಟು ಕೊಡಬೇಕು ಅಂತೆಲ್ಲ ಹೇಳುತ್ತಿದ್ದರು. ಎದೆ ಸೀಳುತ್ತಾರೆ ಅಂದುಕೊಂಡಿದ್ದರು ಪಾಪ. ಮಣಿಕಟ್ಟಿನ ರಕ್ತನಾಳದಲ್ಲಿ ಸಣ್ಣ ಕೊಳವೆ ತೂರಿಸುತ್ತಾರೆ, ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್, ನೀವು ಎಚ್ಚರವಾಗೇ ಇರ್ತೀರಿ, ರಕ್ತನಾಳ ಎಕ್ಸ್‌ರೇಯಲ್ಲಿ ಕಾಣೋಕೆ ಡೈ ಅನ್ನೋ ದ್ರವ ಬಿಟ್ಟಾಗ ಮೈಯೆಲ್ಲ ಬಿಸಿಯಾದ ಹಾಗಾಗುತ್ತೆ, ಗಾಬರಿಯಾಗಬೇಡಿ. ಇಷ್ಟು ಹೇಳೋಕೆ ಎರಡು ನಿಮಿಷ ಸಾಕಲ್ವಾ? ಹೇಳಿದ್ದು ಕೊನೆಗೆ ರಾತ್ರಿ ಪಾಳಿಯ ಸಿಸ್ಟರ್. ಅದನ್ನು ಕೇಳಿದ ಮೇಲೆ ಅಪ್ಪ ಒಂದು ಲೋಟ ನೀರು ಕುಡಿದು ಮಲಗಿದರು.

ಮನೆಗೆ ಬಂದರೆ ಸರಿಹೋಗುತ್ತೆ ಅಂದುಕೊಂಡಿದ್ದೆವು. ಭಯ ಜಾಸ್ತಿಯೇ ಆಯ್ತು. ಆಸ್ಪತ್ರೆಯಲ್ಲಿ ಮಾನಿಟರ್ ಇತ್ತು, ಕರೆದರೆ ಯಾರಾದರೂ ಬರುತ್ತಿದ್ದರು. ಇಲ್ಲಿ ಮಧ್ಯರಾತ್ರಿ ಎದ್ದು ತಮ್ಮ ನಾಡಿ ತಾವೇ ಹಿಡಿದು ಕೂರುತ್ತಿದ್ದರು. ತೇಗು ಬಂದರೂ ಹೃದಯದ್ದೇ ಅನುಮಾನ. ಬಚ್ಚಲಿಗೆ ಹೋದರೆ ಚಿಲಕ ಹಾಕುತ್ತಿರಲಿಲ್ಲ, ಒಳಗೆ ಬಿದ್ದುಬಿಟ್ಟರೆ ಅಂತ. ನೋಡೋಕೆ ಬಂದವರೋ, ಯಾರದೋ ಸಾವಿನ ಕಥೆ ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. ದಯವಿಟ್ಟು ಹಾಗೆ ಮಾಡಬೇಡಿ.

2021ರಲ್ಲಿ ಪುನೀತ್ ತೀರಿಕೊಂಡಾಗ ತಪಾಸಣೆಗೆ ಅಂತ ಜಯದೇವ ಆಸ್ಪತ್ರೆಗೆ ಜನ ಮುಗಿಬಿದ್ದಿದ್ದರು. ಆ ಭಯ ನಮಗೆಲ್ಲ ಅರ್ಥವಾಯ್ತು. ಬ್ಲಾಕ್ ಇದ್ದು ಸ್ಟೆಂಟ್ ಹಾಕಿಸಿಕೊಂಡವರು ಹೆದರಿದರೆ ಮಾತ್ರ 'ಸುಮ್ನೆ ಇಲ್ಲದ್ದೆಲ್ಲ ಯೋಚನೆ ಮಾಡ್ಬೇಡಿ' ಅಂತೀವಿ. ನಾನೂ ಅಂದಿದ್ದೆ. ತಪ್ಪು ಮಾಡಿದೆ.

ಭಯದಿಂದ ಆಗೋ ಅನಾಹುತ ಸಣ್ಣದಲ್ಲ. ಕೈ ಮೇಲೆ ನೀಲಿ ಕಲೆ ಕಂಡಿದ್ದೇ, ಅಪ್ಪ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸೋಕೆ ಹೊರಟಿದ್ದರು. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ಈ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು.

ಆಮೇಲೆ ತಪಾಸಣೆಗೆ ಹೋದಾಗ ಒಬ್ಬ ಡಾಕ್ಟರ್ ಕೂರಿಸಿಕೊಂಡು ಮಾತಾಡಿದರು. ಎದೆ ಹಿಂಡಿದ ಹಾಗಾಗಿ ಕೈಗೋ ದವಡೆಗೋ ನೋವು ಹರಡಿ ಬೆವರು ಬಂದರೆ ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಬೆರಳಿಟ್ಟು ಒತ್ತಿದ ಕಡೆ ಮಾತ್ರ ನೋಯೋದು ಸಾಮಾನ್ಯವಾಗಿ ಸ್ನಾಯುವಿನದು. ಅನುಮಾನ ಬಂದರೆ ಬಂದುಬಿಡಿ, ಯಾರೂ ಬೈಯಲ್ಲ ಅಂದರು. ಆ ಕೊನೆಯ ಮಾತಿಗೆ ಅಪ್ಪನ ಕಣ್ಣು ತುಂಬಿತು. ಡಿಸ್ಚಾರ್ಜ್ ದಿನವೇ, ಬಿಲ್ಲು ಮಾತ್ರೆ ಕೊಡುವಾಗಲೇ, ಇದನ್ನೂ ಹೇಳಿ ಕಳಿಸಬೇಕು.

ಮುಂದಿನ ಸಲ ಕೇಳಬೇಕಾದ್ದನ್ನು ಅಪ್ಪ ಈಗಲೇ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾರೆ. ಮೊದಲನೆಯದು, 'ತೋಟಕ್ಕೆ ಒಬ್ಬನೇ ಹೋಗಬಹುದಾ?'