ಲೋಟಕ್ಕೆ ಹೆಸರುಂಟು, ಸೂಟ್‌ಕೇಸಿಗಿಲ್ಲ

ನಮ್ಮ ಅಡುಗೆಮನೆಯಲ್ಲಿ ಅನಾಮಧೇಯ ಪಾತ್ರೆ ಒಂದೂ ಇಲ್ಲ. ಕಾಫಿ ಲೋಟದ ಅಂಚಿನಲ್ಲಿ ಅಜ್ಜಿಯ ಹೆಸರಿನ ಮೊದಲ ಅಕ್ಷರ, ಇಡ್ಲಿ ಪಾತ್ರೆಯ ಹೊಟ್ಟೆಯ ಮೇಲೆ ಅಮ್ಮನ ಪೂರ್ತಿ ಹೆಸರು, ಒಗ್ಗರಣೆ ಸೌಟಿನ ಹಿಡಿಯ ಮೇಲೂ ಚುಕ್ಕೆಚುಕ್ಕೆಯಾಗಿ ಕೊರೆದ ಎರಡಕ್ಷರ. ಚಿಕ್ಕಪೇಟೆಯ ಪಾತ್ರೆ ಅಂಗಡಿಯವರು ಬಿಲ್ ಬರೆಯುವ ಮೊದಲೇ ‘ಹೆಸರು ಹಾಕಿಸಬೇಕೇ?’ ಎಂದು ಕೇಳುತ್ತಾರೆ. ಬೇಡವೆಂದರೆ ನಮ್ಮನ್ನು ಮೇಲಿನಿಂದ ಕೆಳಗೆ ನೋಡುತ್ತಾರೆ. ಮದುವೆಯ ಛತ್ರದಲ್ಲಿ ಕಳೆದುಹೋದ ಒಂದು ಜಾಲರಿ ಸೌಟನ್ನು ಮೂವತ್ತು ವರ್ಷ ನೆನಪಿಟ್ಟುಕೊಂಡು, ಯಾವ ಬೀಗರ ಮನೆಯಲ್ಲಿ ಅದು ಈಗಲೂ ಬೋಂಡ ಕರಿಯುತ್ತಿರಬಹುದು ಎಂದು ಊಹಿಸುವ ಜನ ನಾವು.

ಇದೇ ನಾವು ಎರಡು ರೇಷ್ಮೆ ಸೀರೆ, ಮೂರು ತಿಂಗಳ ಮಾತ್ರೆ, ಅಳಿಯನಿಗೆ ಹೊಲಿಸಿದ ಸೂಟನ್ನು ಕಪ್ಪು ಟ್ರಾಲಿ ಬ್ಯಾಗಿಗೆ ತುಂಬಿ, ವಿಮಾನ ನಿಲ್ದಾಣದ ಕೌಂಟರಿನಲ್ಲಿ ಗುರುತು ಪರಿಚಯವಿಲ್ಲದವರ ಕೈಗೆ ಒಪ್ಪಿಸುತ್ತೇವೆ. ಅದರ ಮೇಲೆ ಹೆಸರಿಲ್ಲ, ಊರಿಲ್ಲ, ಫೋನ್ ನಂಬರಿಲ್ಲ. ಕೆಂಪು ರಿಬ್ಬನ್ ಒಂದಿದೆ.

ಈ ಕೆಂಪು ರಿಬ್ಬನ್ನಿನ ಉಪಾಯ ಎಲ್ಲರ ಮನೆಯಲ್ಲೂ ಒಬ್ಬ ಚಿಕ್ಕಮ್ಮನ ಸ್ವಂತ ಸಂಶೋಧನೆ. ಸಿಹಿತಿಂಡಿಯ ಡಬ್ಬಿಗೆ ಬಂದ ರಿಬ್ಬನ್ನನ್ನು ಇಸ್ತ್ರಿ ಮಾಡಿ ಎತ್ತಿಟ್ಟು, ಹೊರಡುವ ಬೆಳಗ್ಗೆ ಹಿಡಿಗೆ ಬಿಗಿಯಾಗಿ ಕಟ್ಟಿ, ‘ಈಗ ದೂರದಿಂದಲೇ ಗುರುತು ಸಿಗುತ್ತದೆ’ ಎನ್ನುತ್ತಾರೆ. ಸಿಗುತ್ತದೆ, ನಿಜ. ಬೆಲ್ಟಿನ ಬಳಿ ನಿಂತರೆ ಒಂದು ನಿಮಿಷಕ್ಕೆ ಏಳು ಸಲ ಸಿಗುತ್ತದೆ. ಕಪ್ಪು ಬಣ್ಣವಾದರೆ ಕೊಳೆ ಕಾಣಿಸುವುದಿಲ್ಲ ಎಂದು ಎಲ್ಲರೂ ಕಪ್ಪು ಬ್ಯಾಗನ್ನೇ ಕೊಂಡಿದ್ದಾರೆ. ಕಪ್ಪಿನ ಮೇಲೆ ಕೆಂಪು ಎದ್ದು ಕಾಣುತ್ತದೆ ಎಂದು ಎಲ್ಲರೂ ಕೆಂಪನ್ನೇ ಕಟ್ಟಿದ್ದಾರೆ. ಹೋದ ತಿಂಗಳು ಮುಂಬೈಯಿಂದ ಬಂದಿಳಿದಾಗ ಇಬ್ಬರು ಹೆಂಗಸರು ಒಂದೇ ಬ್ಯಾಗಿನ ಎರಡು ತುದಿ ಹಿಡಿದು ಜಗ್ಗುತ್ತಿದ್ದರು. ‘ನನ್ನದಕ್ಕೆ ಕೆಂಪು ರಿಬ್ಬನ್ ಇದೆ ನೋಡಿ’ ಎಂದರು ಒಬ್ಬರು. ‘ನಾನೂ ಅದನ್ನೇ ಹೇಳುತ್ತಿರುವುದು’ ಎಂದರು ಇನ್ನೊಬ್ಬರು. ಅಷ್ಟರಲ್ಲಿ ರಬ್ಬರ್ ಪರದೆ ಸರಿಸಿಕೊಂಡು ಅಂಥದೇ ಇನ್ನೊಂದು ಬಂದಿತು. ಇಬ್ಬರೂ ಕೈಯಲ್ಲಿದ್ದುದನ್ನು ಬಿಟ್ಟು ಅದರತ್ತ ಓಡಿದರು.

ಬೆಲ್ಟಿನ ಬಳಿ ಮಾನವ ಸ್ವಭಾವ ಬೆತ್ತಲಾಗುತ್ತದೆ. ಎರಡು ಹೆಜ್ಜೆ ಹಿಂದೆ ನಿಂತರೆ ಎಲ್ಲರಿಗೂ ಎಲ್ಲವೂ ಕಾಣುತ್ತದೆ. ಆದ್ದರಿಂದ ಯಾರೂ ಹಿಂದೆ ನಿಲ್ಲುವುದಿಲ್ಲ. ಮೊಣಕಾಲು ಬೆಲ್ಟಿಗೆ ತಾಗಿಸಿ, ತಳ್ಳುಗಾಡಿಯನ್ನು ಅಡ್ಡ ಇಟ್ಟು, ತೇರಿಗೆ ಬಾಳೆಹಣ್ಣು ಎಸೆಯಲು ಕಾದವರಂತೆ ಕತ್ತು ಚಾಚಿರುತ್ತಾರೆ. ಆ ದಿನ ಆ ಗದ್ದಲದ ನಡುವೆ ಒಂದು ರಟ್ಟಿನ ಪೆಟ್ಟಿಗೆ ಮಹಾರಾಜನಂತೆ ಸಾಗಿ ಬಂದಿತು. ನೀಲಿ ನೈಲಾನ್ ಹಗ್ಗದ ಹನ್ನೆರಡು ಸುತ್ತು. ಆರೂ ಮುಖಗಳ ಮೇಲೆ ದಪ್ಪ ಮಾರ್ಕರಿನಲ್ಲಿ ಹೆಸರು, ತಂದೆಯ ಹೆಸರು, ಊರು, ಚಿಂತಾಮಣಿ ತಾಲ್ಲೂಕು, ಫೋನ್ ನಂಬರು. ಪೆಟ್ಟಿಗೆ ಹೇಗೆ ಬಿದ್ದರೂ ವಿಳಾಸ ಆಕಾಶ ನೋಡುತ್ತಿರಬೇಕು ಎಂಬ ಲೆಕ್ಕ. ಕೊಲ್ಲಿಯಲ್ಲಿ ಎರಡು ವರ್ಷ ದುಡಿದು ಮುಂಬೈ ಮಾರ್ಗವಾಗಿ ಬಂದಿದ್ದ ಅದರ ಒಡೆಯ ಗೋಡೆಗೆ ಒರಗಿ ಚಹ ಕುಡಿಯುತ್ತಿದ್ದ. ಅವನು ಓಡಲಿಲ್ಲ, ಜಗ್ಗಲಿಲ್ಲ. ಪೆಟ್ಟಿಗೆ ಎರಡು ಸುತ್ತು ಬಂದರೂ ಯಾರೂ ಮುಟ್ಟಲಿಲ್ಲ. ಮೂರನೆಯ ಸುತ್ತಿಗೆ ಲೋಟ ಕಸದ ಬುಟ್ಟಿಗೆ ಹಾಕಿ ಬಂದು ಎತ್ತಿಕೊಂಡು ಹೋದ. ಅವನ ಪೆಟ್ಟಿಗೆಯನ್ನು ನೋಡಿ, ಚಕ್ರದ ಸೂಟ್‌ಕೇಸಿನವರಿಬ್ಬರು ಮೂಗು ಮುರಿದರು.

ಹಾಗೆಂದು ನಮ್ಮ ಬ್ಯಾಗುಗಳಿಗೆ ಗುರುತೇ ಇಲ್ಲವೆಂದಲ್ಲ. ಕೌಂಟರಿನಲ್ಲಿ ಹಿಡಿಗೆ ಸುತ್ತಿ ಅಂಟಿಸುವ ಉದ್ದನೆಯ ಕಾಗದದ ಪಟ್ಟಿಯ ಮೇಲೆ ಹತ್ತಂಕಿಯ ಒಂದು ಸಂಖ್ಯೆ ಇರುತ್ತದೆ. ಮೊದಲ ಅಂಕಿಯ ನಂತರದ ಮೂರು ವಿಮಾನ ಸಂಸ್ಥೆಯ ಸಂಕೇತ, ಕೊನೆಯ ಆರು ಆ ಬ್ಯಾಗಿನದೇ ಕ್ರಮಸಂಖ್ಯೆ. ವಿಮಾನಯಾನದವರು ಇದನ್ನು ಲೈಸೆನ್ಸ್ ಪ್ಲೇಟ್ ಎಂದೇ ಕರೆಯುತ್ತಾರೆ. ಅದೇ ಸಂಖ್ಯೆಯ ಪುಟ್ಟ ಚೀಟಿಯೊಂದನ್ನು ನಮ್ಮ ಬೋರ್ಡಿಂಗ್ ಪಾಸಿನ ಹಿಂದೆಯೂ ಅಂಟಿಸಿ ಕೊಡುತ್ತಾರೆ. ಎರಡನ್ನೂ ಪಕ್ಕಪಕ್ಕ ಹಿಡಿದರೆ ಜಗಳವೇ ಇಲ್ಲ. ಪಟ್ಟಿಯ ಮೇಲೆ ಹೆಸರೂ ಅಚ್ಚಾಗಿರುತ್ತದೆ. ಆದರೆ ಓದಿದವರನ್ನು ನಾನು ಕಂಡಿಲ್ಲ. ಆ ಚೀಟಿಯ ಮೇಲೆ ಮಗುವಿನ ಚೂಯಿಂಗ್ ಗಮ್ ಮಡಚಿ ಎಸೆದವರನ್ನು ಮಾತ್ರ ಕಂಡಿದ್ದೇನೆ.

ನಮ್ಮ ಅಗಸರಿಗೆ ಇದು ಎಂದೋ ಗೊತ್ತಿತ್ತು. ಕರಿಗೇರು ಕಾಯಿಯ ರಸದಿಂದ ಅಂಗಿಯ ಕೊರಳಪಟ್ಟಿಯ ಒಳಮಗ್ಗುಲಿಗೆ ಎರಡು ಗೀಟು, ಒಂದು ಚುಕ್ಕೆ, ಮುಗಿಯಿತು. ನೂರು ಮನೆಯ ನೂರು ಬಿಳಿ ಪಂಚೆಗಳು ಒಂದೇ ಕಲ್ಲಿನ ಮೇಲೆ ಒಗೆಸಿಕೊಂಡು ಒಂದೇ ಹಗ್ಗದ ಮೇಲೆ ಒಣಗಿ ಅವರವರ ಮನೆ ಸೇರುತ್ತಿದ್ದವು. ಅಗಸ ಪಂಚೆಯನ್ನು ದೂರದಿಂದ ನೋಡಿ ‘ಇದು ಬಿಳಿಯಾಗಿದೆ, ಹಾಗಾದರೆ ಶಾನುಭೋಗರದು’ ಎನ್ನುತ್ತಿರಲಿಲ್ಲ. ಗುರುತು ನೋಡುತ್ತಿದ್ದ. ಅದಕ್ಕೆ ಇಂಗ್ಲಿಷಿನವರು ಆ ಕಾಯಿಗೇ ಗುರುತಿನ ಕಾಯಿ ಎಂಬರ್ಥದ ಹೆಸರಿಟ್ಟುಬಿಟ್ಟರು.

ಇನ್ನು ಬೆಂಗಳೂರಿನಲ್ಲಿ ಗುರುತುಪಟ್ಟಿಗೆ ಬೇರೊಂದು ಉಪಯೋಗವಿದೆ. ಬಂದಿಳಿದ ಮೇಲೆ ಹಳೆಯ ಪಟ್ಟಿಯನ್ನು ಕಿತ್ತು ಬಿಸಾಡಬೇಕು, ಬಾರ್‌ಕೋಡ್ ಇರುವ ಸಣ್ಣ ಚೀಟಿಗಳನ್ನೂ ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಮುಂದಿನ ಸಲ ಯಂತ್ರ ಯಾವುದನ್ನು ಓದಬೇಕೆಂದು ತಿಳಿಯದೆ ಬ್ಯಾಗನ್ನು ಬದಿಗೆ ತಳ್ಳುತ್ತದೆ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಒಬ್ಬ ಮಹನೀಯರು ಸಿಂಗಪುರದ ಪಟ್ಟಿಯನ್ನು ನಾಲ್ಕು ವರ್ಷದಿಂದ ಕಿತ್ತಿಲ್ಲ. ಮೈಸೂರಿಗೆ ರೈಲಿನಲ್ಲಿ ಹೋಗುವಾಗಲೂ ಅದೇ ಬ್ಯಾಗು. ಲಿಫ್ಟಿನಲ್ಲಿ ಪಟ್ಟಿ ಎದುರಿಗಿರುವವರ ಕಣ್ಣಿಗೆ ಬೀಳುವಂತೆ ಹಿಡಿಯನ್ನು ತಿರುಗಿಸಿ ನಿಲ್ಲುತ್ತಾರೆ. ಬಲಗಡೆ ದುಬೈ, ಎಡಗಡೆ ಫ್ರಾಂಕ್‌ಫರ್ಟ್. ಯುದ್ಧದಿಂದ ಬಂದ ಸೇನಾನಿಯ ಎದೆಯ ಪದಕಗಳೂ ಇಷ್ಟು ಜೋಡಣೆಯಿಂದ ಇರುವುದಿಲ್ಲ. ಒಮ್ಮೆ ಅವರ ಬ್ಯಾಗು ಹುಬ್ಬಳ್ಳಿಗೆ ಹೋಗಲು ಎರಡು ದಿನ ತಡಮಾಡಿತು. ಅದಕ್ಕೂ ಯಾವ ಊರೆಂದು ಯೋಚಿಸಲು ಸಮಯ ಬೇಕಲ್ಲ. ಊರಿನ ಸಂಕೇತಗಳೂ ಸಾಮಾನ್ಯವಲ್ಲ ಬಿಡಿ: ಮಂಗಳೂರು ಐಎಕ್ಸ್‌ಇ, ಬೆಳಗಾವಿ ಐಎಕ್ಸ್‌ಜಿ, ಬೀದರ್ ಐಎಕ್ಸ್‌ಎಕ್ಸ್. ಒಂದಕ್ಷರ ಮಸುಕಾದರೆ ಕುಂದ ಕರಾವಳಿ ಸೇರುತ್ತದೆ.

ನಿಜವಾದ ತಮಾಷೆ ಇರುವುದು ಬಾಗಿಲುಗಳಲ್ಲಿ. ಒಳಹೋಗುವಾಗ ನಾನು ನಾನೇ ಎಂದು ಎಷ್ಟು ಸಲ ಸಾಬೀತು ಮಾಡಬೇಕೋ ಲೆಕ್ಕವಿಲ್ಲ. ಹೊರಬಾಗಿಲಲ್ಲಿ ಟಿಕೆಟ್ ಮತ್ತು ಗುರುತಿನ ಚೀಟಿ. 2022ರ ಡಿಸೆಂಬರ್‌ನಿಂದ ಬೆಂಗಳೂರಿನಲ್ಲಿ ಡಿಜಿಯಾತ್ರೆಯೂ ಬಂದಿದೆ. ಮುಖವನ್ನೇ ಯಂತ್ರಕ್ಕೆ ತೋರಿಸಬಹುದು. ಕೌಂಟರಿನಲ್ಲಿ ಪ್ರಶ್ನೋತ್ತರ: ಪವರ್ ಬ್ಯಾಂಕ್ ಇದೆಯೇ, ಲೈಟರ್ ಇದೆಯೇ, ಕೊಬ್ಬರಿ ಇದೆಯೇ. ಎಣ್ಣೆಯಂಶದ ಒಣ ಕೊಬ್ಬರಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂದು ಅದಕ್ಕೆ ಸರಕಿನ ಗೂಡಿನಲ್ಲಿ ಜಾಗವಿಲ್ಲ. ತಿಪಟೂರಿನ ನಮ್ಮ ಮಾವನಿಗೆ ಇದನ್ನು ನಂಬಿಸಲು ಇನ್ನೂ ಆಗಿಲ್ಲ. ಆಮೇಲೆ ಭದ್ರತಾ ತಪಾಸಣೆ, ಬೋರ್ಡಿಂಗ್ ಗೇಟು, ವಿಮಾನದ ಬಾಗಿಲಲ್ಲಿ ಕೈಮುಗಿದು ನಿಂತವರಿಂದ ಮತ್ತೊಮ್ಮೆ ಪಾಸಿನ ದರ್ಶನ. ಕೆಲವು ವರ್ಷಗಳ ಹಿಂದಿನವರೆಗೆ, ಕೈಯಿಂದ ಒಂದು ಕ್ಷಣವೂ ಇಳಿಯದ ಕೈಚೀಲಕ್ಕೂ ಪಟ್ಟಿ ಕಟ್ಟಿ ಅದರ ಮೇಲೆ ಮೊಹರು ಒತ್ತಿಸಬೇಕಿತ್ತು. 2017ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ ಏಳು ನಿಲ್ದಾಣಗಳಲ್ಲಿ ಆ ಮೊಹರಿಗೆ ಮುಕ್ತಿ ಸಿಕ್ಕಿತು.

ಹೊರಬರುವಾಗ? ಬೆಲ್ಟಿನಿಂದ ಯಾವ ಬ್ಯಾಗನ್ನಾದರೂ ಎತ್ತಿಕೊಳ್ಳಿ. ಗಾಜಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಹಿಂದೆ ಕೆಲವು ಕಡೆ ಒಬ್ಬರು ನಿಂತು ಚೀಟಿಗೂ ಪಟ್ಟಿಗೂ ತಾಳೆ ನೋಡುತ್ತಿದ್ದರು. ಈಗ ಅಲ್ಲಿ ಟ್ಯಾಕ್ಸಿ ಬೇಕೇ ಎಂದು ಕೇಳುವವರಿದ್ದಾರೆ. ಅಂತರರಾಷ್ಟ್ರೀಯ ವಿಮಾನಯಾನ ಒಕ್ಕೂಟದ 753ನೇ ಠರಾವು 2018ರ ಜೂನ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪ್ರತಿ ಬ್ಯಾಗಿನ ಜಾಡನ್ನು ನಾಲ್ಕು ಘಟ್ಟಗಳಲ್ಲಿ ಹಿಡಿಯಬೇಕು: ಪ್ರಯಾಣಿಕನಿಂದ ಪಡೆದಾಗ, ವಿಮಾನಕ್ಕೆ ಏರಿಸಿದಾಗ, ವಿಮಾನ ಬದಲಿಸಿದಾಗ, ಪ್ರಯಾಣಿಕನಿಗೆ ಮರಳಿಸಿದಾಗ. ನಾಲ್ಕನೆಯದರಲ್ಲಿ ಯಾವ ಪ್ರಯಾಣಿಕನಿಗೆ ಎಂಬುದನ್ನು ಬೆಲ್ಟಿನ ವಿವೇಚನೆಗೆ ಬಿಟ್ಟಂತಿದೆ. 2024ರಲ್ಲಿ ನಮ್ಮ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ವಿಮಾನ ಸಂಸ್ಥೆಗಳನ್ನು ಕರೆದು, ಇಂಜಿನ್ ನಿಂತ ಹತ್ತು ನಿಮಿಷದೊಳಗೆ ಮೊದಲ ಬ್ಯಾಗು, ಮೂವತ್ತು ನಿಮಿಷದೊಳಗೆ ಕೊನೆಯ ಬ್ಯಾಗು ಬರಲೇಬೇಕು ಎಂದು ತಾಕೀತು ಮಾಡಿತು. ಒಳ್ಳೆಯದೇ. ತಪ್ಪಾದ ಬ್ಯಾಗು ಈಗ ಬೇಗ ಸಿಗುತ್ತದೆ.

ಇಷ್ಟೆಲ್ಲ ತಿಳಿದ ನಾನು ಅಂದು ಮಾಡಿದ್ದೇನೆಂದರೆ, ಕೆಂಪು ರಿಬ್ಬನ್ನಿನ ಕಪ್ಪು ಬ್ಯಾಗೊಂದನ್ನು ಎತ್ತಿಕೊಂಡು ವಾಯುವಜ್ರ ಬಸ್ಸು ಹತ್ತಿ, ಹೆಬ್ಬಾಳದಲ್ಲಿ ಒಂದು ನಿದ್ದೆ, ಮೇಖ್ರಿ ವೃತ್ತದಲ್ಲಿ ಇನ್ನೊಂದು ನಿದ್ದೆ ತೆಗೆದು, ಎರಡು ಗಂಟೆಯ ನಂತರ ಜಯನಗರದ ಮನೆ ಸೇರಿದೆ. ಹೆಂಡತಿ ಜಿಪ್ ಎಳೆದಳು. ಒಳಗೆ ಹನ್ನೊಂದು ಜೊತೆ ಬಿಳಿ ಕಾಲುಚೀಲ. ನಾಲ್ಕು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ, ಮೇಲೆ ಟವೆಲ್ ಹೊದಿಸಿ ಮಲಗಿಸಿದ್ದ ನಿಂಬೆ ಉಪ್ಪಿನಕಾಯಿಯ ಭರಣಿ. ಅದರ ಪಕ್ಕದಲ್ಲಿ, ಹದಿನೈದು ಕಿಲೋ ಮೀರಬಾರದೆಂದು ಬ್ಯಾಗನ್ನು ತೂಗುವ ಪುಟ್ಟ ತಕ್ಕಡಿ. ಬ್ಯಾಗನ್ನು ತೂಗಿ ಆಮೇಲೆ ತಕ್ಕಡಿಯನ್ನೂ ಅದರೊಳಗೇ ಹಾಕಿದ ಮಹಾಶಯ ಯಾರೋ! ‘ಇವರು ಒಳ್ಳೆಯವರೇ ಇರಬೇಕು’ ಎಂದಳು ಹೆಂಡತಿ, ಉಪ್ಪಿನಕಾಯಿಯ ಬಣ್ಣ ನೋಡಿ. ಹಿಡಿಯ ಪಟ್ಟಿಯ ಮೇಲೆ ಅವರ ಹೆಸರು ಸ್ಪಷ್ಟವಾಗಿ ಅಚ್ಚಾಗಿತ್ತು. ಎರಡು ಗಂಟೆ ಅದೇ ಹಿಡಿಯನ್ನು ಹಿಡಿದುಕೊಂಡು ಬಂದಿದ್ದೆ.

ಅಷ್ಟರಲ್ಲಿ ಫೋನ್ ಬಂದಿತು. ಬೆಲ್ಟಿನ ಮೇಲೆ ಕೊನೆಗೆ ಒಂಟಿಯಾಗಿ ಸುತ್ತುತ್ತಿದ್ದ ನನ್ನ ಬ್ಯಾಗಿನ ಪಟ್ಟಿಯಿಂದ ನನ್ನನ್ನು ಪತ್ತೆ ಹಚ್ಚಿದ್ದರು. ಆ ಮಹಾಶಯರು ಪಾಪ, ನಿಲ್ದಾಣ ಬಿಡುವ ಮೊದಲೇ ದೂರು ಕೊಡಬೇಕು ಎಂಬುದನ್ನು ತಿಳಿದವರು. ಬ್ಯಾಗುಗಳ ಚಿತ್ರಪಟದ ಮುಂದೆ ನಿಂತು, ಬಣ್ಣಕ್ಕೆ ಎರಡಕ್ಷರದ ಸಂಕೇತ, ಆಕಾರಕ್ಕೊಂದು ಸಂಖ್ಯೆ ಆರಿಸಿ ಫಾರಂ ತುಂಬಿ ಹೋಗಿದ್ದರಂತೆ. ವಿಶೇಷ ಗುರುತು ಎಂಬಲ್ಲಿ ‘ಕೆಂಪು ರಿಬ್ಬನ್’ ಎಂದು ಬರೆದಿದ್ದರು.

ನಲವತ್ತು ಕಿಲೋಮೀಟರ್ ಹಿಂದಕ್ಕೆ. ಬಸ್ಸಿನ ಸಹನೆ ಉಳಿದಿರಲಿಲ್ಲ, ಟ್ಯಾಕ್ಸಿ ಹಿಡಿದೆ. ನಿಲ್ದಾಣದ ಬಾಗಿಲಲ್ಲಿ ಕಾವಲಿನವರು ತಡೆದರು.

‘ಟಿಕೆಟ್?’

‘ಇಲ್ಲ. ಬೇರೆಯವರ ಬ್ಯಾಗು ತೆಗೆದುಕೊಂಡು ಹೋಗಿದ್ದೆ, ಮರಳಿಸಲು ಬಂದಿದ್ದೇನೆ.’

‘ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ, ಸಾರ್.’

ಅವರ ತಪ್ಪಿಲ್ಲ, ದೇಶದ ನಿಲ್ದಾಣಗಳಲ್ಲೆಲ್ಲ ಇರುವ ನಿಯಮವೇ ಅದು. ವಿಮಾನ ಸಂಸ್ಥೆಯ ಹುಡುಗನೊಬ್ಬ ಹೊರಗೆ ಬರುವವರೆಗೆ ಮುಕ್ಕಾಲು ಗಂಟೆ ಕಂಬಕ್ಕೆ ಒರಗಿ ನಿಂತೆ. ಅವನು ನನ್ನ ಆಧಾರ್ ನೋಡಿದ, ಹಳೆಯ ಬೋರ್ಡಿಂಗ್ ಪಾಸ್ ನೋಡಿದ, ಫೋಟೊ ತೆಗೆದ, ಮೂರು ಕಡೆ ಸಹಿ ಹಾಕಿಸಿಕೊಂಡ. ಪರರ ಸ್ವತ್ತು ಒಯ್ಯುವಾಗ ನನ್ನನ್ನು ಒಂದು ಮಾತೂ ಕೇಳದ ವ್ಯವಸ್ಥೆ, ಮರಳಿಸಲು ಬಂದಾಗ ತಂದೆಯ ಹೆಸರಿನವರೆಗೆ ವಿಚಾರಿಸಿತು. ಕಳ್ಳತನ ಇಷ್ಟು ಸುಲಭ, ಪ್ರಾಮಾಣಿಕತೆ ಇಷ್ಟು ದುಬಾರಿ ಎಂದು ಗೊತ್ತಿದ್ದರೆ ಉಪ್ಪಿನಕಾಯಿಯನ್ನಾದರೂ ಇಟ್ಟುಕೊಳ್ಳುತ್ತಿದ್ದೆ.

ಮಾರನೆಯ ದಿನ ಅಮ್ಮ ನನ್ನನ್ನು ನೇರವಾಗಿ ಚಿಕ್ಕಪೇಟೆಗೆ ಕರೆದುಕೊಂಡು ಹೋದಳು. ಸೂಟ್‌ಕೇಸಿನ ಮೇಲೆ ಯಂತ್ರ ಕೊರೆಯುವುದಿಲ್ಲ ಎಂದು ಅಂಗಡಿಯವರು ಹೇಳಿದ್ದಕ್ಕೆ ಅಂಗೈಯಗಲದ ಸ್ಟೀಲ್ ತಟ್ಟೆಯೊಂದನ್ನು ಆರಿಸಿದಳು. ಮನೆಯ ವಿಳಾಸ ಬೇಡ, ಊರಿಗೆಲ್ಲ ಮನೆ ಖಾಲಿ ಇದೆ ಎಂದು ಸಾರಿದಂತಾಗುತ್ತದೆ. ಹೆಸರು, ಫೋನ್ ನಂಬರು ಸಾಕು, ವಿಳಾಸದ ಚೀಟಿ ಬ್ಯಾಗಿನ ಒಳಗಿರಲಿ ಎಂದು ನಾನು ಹೇಳಿದೆ. ಕೊರೆಯುವವನು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಕೇಳಿದ: ‘ಸಂದರ್ಭ?’

‘ಸಂದರ್ಭ ಏನೂ ಇಲ್ಲ.’

‘ಬರಿಯ ಹೆಸರು ಬೋಳು ಬೋಳು ಕಾಣುತ್ತದೆ, ಸಾರ್’ ಎಂದವನೇ ಕೈಯ ರೂಢಿಯಂತೆ ಮೇಲೆ ಒಂದು ಶ್ರೀಕಾರ, ಕೆಳಗೆ ಅಂದಿನ ತಾರೀಖು, ಎರಡು ಬದಿಗೆ ಹೂವಿನ ಬಳ್ಳಿ ಕೊರೆದುಕೊಟ್ಟ.

ಮುಂದಿನ ಪ್ರಯಾಣದಲ್ಲಿ ತಟ್ಟೆ ಹಿಡಿಗೆ ನೇತಾಡುತ್ತ ಬೆಲ್ಟಿನ ಮೇಲೆ ಬಂದಿತು. ನನಗಿಂತ ಮೊದಲು ಒಬ್ಬ ಅಜ್ಜಿ ಬ್ಯಾಗಿಗೆ ಕೈಹಾಕಿದರು. ಕನ್ನಡಕ ಏರಿಸಿಕೊಂಡು ತಟ್ಟೆಯನ್ನು ಬೆಳಕಿಗೆ ಹಿಡಿದರು, ಶ್ರೀಕಾರದಿಂದ ತಾರೀಖಿನವರೆಗೆ ಗಟ್ಟಿಯಾಗಿ ಓದಿದರು, ಬ್ಯಾಗನ್ನು ಕೆಳಗಿಟ್ಟು ನನ್ನತ್ತ ತಿರುಗಿ ಕೇಳಿದರು:

‘ಯಾರ ಮದುವೆಯಲ್ಲಿ ಕೊಟ್ಟಿದ್ದಪ್ಪ ಇದು?’