ರೈಶ್ ಅವರ ಮಂತ್ರಿಗಿರಿಯನ್ನು ಒಂದೇ ವಾಕ್ಯದಲ್ಲಿ ಮುಗಿಸಬಾರದಿತ್ತು

ಅಮೆರಿಕದ ರಾಬರ್ಟ್ ರೈಶ್ ಅವರ ಬಗ್ಗೆ ನಾನು ಓದಿದ ಲೇಖನವೊಂದು ಅವರನ್ನು ಆರ್ಥಿಕ ಅಸಮಾನತೆಯ ಕುರಿತು ಬಿಡುವಿಲ್ಲದೆ ಮಾತನಾಡುವ ಪ್ರಾಧ್ಯಾಪಕರೆಂದಷ್ಟೇ ಚಿತ್ರಿಸಿ, 1993ರಿಂದ 1997ರವರೆಗೆ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಸರ್ಕಾರದಲ್ಲಿ ಅವರು ಕಾರ್ಮಿಕ ಮಂತ್ರಿಯಾಗಿದ್ದ ಅವಧಿಯನ್ನು ಒಂದೇ ವಾಕ್ಯದಲ್ಲಿ ದಾಟಿಹೋಗಿದೆ. ಅವರ ನಂತರದ ವಾದಗಳ ಬೇರು ಇರುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಕುಟುಂಬದ ಆರೈಕೆಗೂ ಅನಾರೋಗ್ಯಕ್ಕೂ ವೇತನರಹಿತ ರಜೆ ನೀಡುವ 1993ರ ಕಾನೂನನ್ನು ಅನುಷ್ಠಾನಕ್ಕೆ ತಂದದ್ದು ಅವರ ಇಲಾಖೆ, ಗಂಟೆಗೆ 4.25 ಡಾಲರ್ ಇದ್ದ ಕನಿಷ್ಠ ವೇತನವನ್ನು ಎರಡು ಹಂತಗಳಲ್ಲಿ 5.15ಕ್ಕೆ ಏರಿಸಿದ 1996ರ ಕಾನೂನಿಗಾಗಿ ಅವರು ಪಟ್ಟು ಹಿಡಿದಿದ್ದರು. ಆದರೆ ಬಜೆಟ್ ಕೊರತೆ ತಗ್ಗಿಸುವುದೇ ಮೊದಲ ಕೆಲಸವೆಂದ, ಕ್ಲಿಂಟನ್ ಅವರ ಆರ್ಥಿಕ ಸಲಹೆಗಾರರಾಗಿದ್ದು ನಂತರ ಹಣಕಾಸು ಮಂತ್ರಿಯಾದ ರಾಬರ್ಟ್ ರೂಬಿನ್ ಮತ್ತಿತರರ ಎದುರು, ಶಿಕ್ಷಣಕ್ಕೂ ಕೌಶಲ ತರಬೇತಿಗೂ ಸರ್ಕಾರ ಹೆಚ್ಚು ಹಣ ಹೂಡಬೇಕೆಂಬ ಅವರ ವಾದ ಬಹುಮಟ್ಟಿಗೆ ಸೋತಿತು. 2006ರಿಂದ 2023ರವರೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ತುಂಬಿದ ತರಗತಿಗಳಲ್ಲಿ ಅವರು ಪಾಠ ಹೇಳಿದಾಗ, ಸಂಪುಟದಲ್ಲಿ ಗೆಲ್ಲಲಾಗದ ಆ ವಾದವನ್ನೇ ಮುಂದುವರಿಸಿದರೆಂದು ನನಗೆ ತೋರುತ್ತದೆ. (2002ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ಯತ್ನಿಸಿ ಸೋತದ್ದನ್ನೂ ಲೇಖನ ಬಿಟ್ಟಿದೆ.)

ಹಾಗೆಂದು ಅವರ ಬಗ್ಗೆ ಬರೀ ಹೊಗಳಿಕೆ ಸಲ್ಲದು. ಮಂತ್ರಿಯಾಗಿದ್ದ ದಿನಗಳ ಕುರಿತು ಅವರು ಬರೆದ ನೆನಪುಗಳಲ್ಲಿನ ಕೆಲವು ಸಂಭಾಷಣೆಗಳು ಅಧಿಕೃತ ದಾಖಲೆಗಳಿಗೆ ಹೊಂದುವುದಿಲ್ಲವೆಂದು 1997ರಲ್ಲೇ ಪತ್ರಿಕೆಗಳಲ್ಲಿ ಚರ್ಚೆಯಾಗಿತ್ತು. ಅಂಕಿಅಂಶಗಳನ್ನು ಕಾರ್ಟೂನು ಬಿಡಿಸಿ, ಕಥೆಯಾಗಿಸಿ ಹೇಳುವ ಅವರ ಇಂದಿನ ವಿಡಿಯೊಗಳನ್ನು ನೋಡುವಾಗಲೂ ಆ ಆಕ್ಷೇಪವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.