ಟೈಲ್ಸಿಗೆ ಲಕ್ಷ, ಪೈಪಿಗೆ ಚೌಕಾಸಿ

ಕುಮಟಾದ ಹತ್ತಿರ ಅಣ್ಣನ ಮಗ ಮನೆ ಕಟ್ಟಿಸುತ್ತಿದ್ದಾನೆ. ನಿನ್ನೆ ನೋಡಲು ಹೋಗಿದ್ದೆ. ಹಾಲ್‌ಗೆ ಹಾಕಿಸಿದ ಟೈಲ್ಸ್ ಮೇಲೆ ಕಾಲಿಡಲೂ ಹೆದರಿಕೆ. (ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ನನಗೂ ಆಸೆ ಆಯ್ತು.) ಅಡುಗೆಮನೆಗೆ ಬಂದರೆ ಗೋಡೆ ಕೊರೆದು ಕುಡಿಯುವ ನೀರಿನ ಪೈಪ್ ಕೂರಿಸುತ್ತಿದ್ದರು. ಒಂದು ತುಂಡು ಎತ್ತಿ ತಿರುಗಿಸಿ ನೋಡಿದೆ. ಕಂಪನಿ ಹೆಸರು ಇಲ್ಲ. ಐಎಸ್‌ಐ ಗುರುತೂ ಇಲ್ಲ.

"ಇದೆಂತ ಪೈಪ್ ಮಾರಾಯ?" ಅಂದೆ.

"ಅಕ್ಕೋರೇ, ಗೋಡೆ ಒಳಗೆ ಹೋಗೋದು ಯಾರಿಗೆ ಕಾಣ್ತದೆ?" ಅಂದ ಪ್ಲಂಬರ್. ನನ್ನ ಹತ್ತಿರವೇ ವಿಜ್ಞಾನ ಕಲಿತವನು! ಏನು ಹೇಳೋದು.

ಕಾಣೋದಿಲ್ಲ ಅನ್ನೋದೇ ನನ್ನ ತಕರಾರು. ಟೈಲ್ಸ್ ಬೇಜಾರಾದರೆ ಮುಂದೊಂದು ದಿನ ಬದಲಿಸಬಹುದು. ಗೋಡೆ ಒಡೆದು ಪೈಪ್ ತೆಗೆಸುವವರು ಯಾರು?

ನಾನು ಹೇಳುತ್ತಿರುವುದು ಸೀಸದ ವಿಷಯ. ಪಿವಿಸಿಯನ್ನು ಕಾಯಿಸಿ ಪೈಪ್ ಮಾಡುವಾಗ ಅದು ಕೆಡಬಾರದು ಅಂತ ಸ್ಟೆಬಿಲೈಜರ್ ಸೇರಿಸುತ್ತಾರೆ. ಅಗ್ಗದಲ್ಲಿ ಆಗುವುದು ಸೀಸದ ಲವಣ, ಅದು ನೀರಿಗೂ ಇಳಿಯಬಹುದು. ಕ್ಯಾಲ್ಸಿಯಂ-ಸತುವಿನ ಲವಣ ಹಾಕಿಯೂ ಮಾಡಬಹುದು, ಖರ್ಚು ಸ್ವಲ್ಪ ಜಾಸ್ತಿ. ಪಿವಿಸಿ ಪೈಪಿನ ಸೀಸಕ್ಕೆ ಲಗಾಮು ಹಾಕಲು 2021ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಬೇರೆ ನಿಯಮವನ್ನೇ ತಂದಿದೆ. ನಿನ್ನೆ ನೋಡಿದ ಪೈಪಿನಲ್ಲಿ ಸೀಸ ಇದೆಯೋ ಇಲ್ಲವೋ ದೇವರೇ ಬಲ್ಲ. ಹೆಸರೇ ಇಲ್ಲದ ಮೇಲೆ ಯಾರನ್ನು ಕೇಳೋದು?

"ನಮ್ಮಲ್ಲಿ ಸೀಸದ ಪೈಪ್ ಎಲ್ಲಿದೆ ಅತ್ತೆ? ಅದು ಅಮೆರಿಕದ ಕಥೆ" ಅಂದ ಅಣ್ಣನ ಮಗ. ಯೂಟ್ಯೂಬ್ ನೋಡುತ್ತಾನಲ್ಲ, ಎಲ್ಲ ಗೊತ್ತು. ಹೌದಪ್ಪಾ, ಅಲ್ಲಿನ ಹಳೆ ಊರುಗಳಲ್ಲಿ ರಸ್ತೆಯಿಂದ ಮನೆಗೆ ಬರುವ ಎಷ್ಟೋ ಪೈಪುಗಳು ಪೂರ್ತಿ ಸೀಸದವೇ. 1986ರಲ್ಲಿ ಹೊಸದು ಹಾಕಬಾರದು ಅಂತ ಕಾನೂನು ಮಾಡಿದರು. ಹಳೆಯವು ನೆಲದಲ್ಲೇ ಉಳಿದವು. 2014ರಲ್ಲಿ ಫ್ಲಿಂಟ್ ಅನ್ನೋ ಊರಿನಲ್ಲಿ ದುಡ್ಡು ಉಳಿಸಲು ಮೊದಲಿನ ನೀರಿನ ಬದಲು ನದಿಯ ನೀರು ಬಿಟ್ಟರು. ನೀರು ಪೈಪನ್ನು ತಿನ್ನದಂತೆ ಬೆರೆಸಬೇಕಾದ ರಾಸಾಯನಿಕ ಬೆರೆಸಲಿಲ್ಲ. ಸೀಸ ಕರಗಿ ನಲ್ಲಿಗೆ ಬಂತು. ಪೈಪ್ ಮೊದಲಿನದೇ, ಬದಲಾಗಿದ್ದು ನೀರು.

ನೀರಿನ ಗುಣವೂ ಮುಖ್ಯ ಅನ್ನೋದು ಇದಕ್ಕೇ. ನಮ್ಮ ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆ) ನೆಲದ ಬಾವಿ ನೀರು ಮೆದು. ಸೋಪಿಗೆ ಒಳ್ಳೆ ನೊರೆ. "ನಮ್ಮ ಬಾವಿ ನೀರು ಎಳನೀರಿದ್ದ ಹಾಗೆ" ಅಂತ ಜಂಬ ಬೇರೆ. ಆದರೆ ಎಷ್ಟೋ ಕಡೆ ಆ ನೀರಿನಲ್ಲಿ ತುಸು ಆಮ್ಲ ಗುಣ ಇದೆ. ಅಂಥ ನೀರು ಲೋಹವನ್ನು ಸುಮ್ನೆ ಬಿಡೋದಿಲ್ಲ. ಹಿತ್ತಾಳೆ ನಲ್ಲಿ ತೊಟ್ಟಿಕ್ಕುವಲ್ಲಿ ಸಿಂಕಿಗೆ ಹಸಿರು ಕಲೆ ಕಟ್ಟೋದು ನೋಡಿದ್ದೀರಲ್ಲ? ಅದು ನಲ್ಲಿಯ ತಾಮ್ರ. ಲೇತಿನಲ್ಲಿ ಕಡೆಯಲು ಸುಲಭ ಅಂತ ಹಿತ್ತಾಳೆಗೆ ಸೀಸವನ್ನೂ ಸ್ವಲ್ಪ ಸೇರಿಸುವುದುಂಟು. ತಾಮ್ರವಾದರೂ ಕಲೆ ಬಿಡುತ್ತದೆ. ನೀರಿನಲ್ಲಿ ಕರಗಿದ ಸೀಸಕ್ಕೆ ಬಣ್ಣ, ವಾಸನೆ ಏನೂ ಇಲ್ಲ.

"ನಾವು ಕುದಿಸಿಯೇ ಕುಡಿಯೋದು" ಅಂದರು ಅತ್ತಿಗೆ. ಅಯ್ಯೋ! ಕುದಿಸಿದರೆ ಕಾಮಾಲೆಯ ರೋಗಾಣು ಸಾಯುತ್ತದೆ. ಸೀಸಕ್ಕೆ ಸಾಯಲು ಜೀವ ಎಲ್ಲಿದೆ? ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಸೀಸದ ಪಾಲು ಹೆಚ್ಚುತ್ತದೆ, ಅಷ್ಟೇ.

ಇನ್ನು ಆ ಟಿಡಿಎಸ್ ಮೀಟರು. ಫಿಲ್ಟರ್ ಮಾರುವವನೊಬ್ಬ ಲೋಟಕ್ಕೆ ಅದ್ದಿ "40 ಬಂತು, ಫಸ್ಟ್ ಕ್ಲಾಸ್, ಯುವಿ ಸಾಕು" ಅಂದನಂತೆ. ಯುವಿ ಅಂದರೆ ನೇರಳಾತೀತ ಬೆಳಕು, ಅದು ಕೊಲ್ಲುವುದು ರೋಗಾಣುವನ್ನು ಮಾತ್ರ. ಮೀಟರು ಹೇಳುವುದು ಲೀಟರಿಗೆ ಒಟ್ಟು ಎಷ್ಟು ಮಿಲಿಗ್ರಾಂ ಲವಣ ಅಂತ ಒಂದು ಅಂದಾಜು. ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅದರ ಹತ್ತು ಪಟ್ಟು ಇದ್ದರೂ ಆ ಮೀಟರಿನ ಅಂಕಿ ಅಲುಗಾಡೋದಿಲ್ಲ!

ಅಣ್ಣನೂ ಬಿಡಲಿಲ್ಲ. "ಅಜ್ಜಿ ಸೀಸ ಬೆರೆತ ಕಂಡಕಂಡ ಕಲಾಯಿ ಪಾತ್ರೆಯಲ್ಲಿ ಬೇಯಿಸಿ ಉಂಡು ತೊಂಬತ್ತು ದಾಟಲಿಲ್ಲವೇ?" ದಾಟಿದರು, ಸರಿ. ದಾಟದವರು ಎದ್ದು ಬಂದು ವಾದ ಮಾಡೋದಿಲ್ಲವಲ್ಲ. ಅಲ್ಲದೆ ಇದು ಆಯುಷ್ಯದ ಲೆಕ್ಕವೇ ಅಲ್ಲ. ಸೀಸ ಮೊದಲು ಕೈ ಹಾಕುವುದು ಮಕ್ಕಳ ಮಿದುಳಿಗೆ. ದೇಹ ಅದನ್ನು ಕ್ಯಾಲ್ಸಿಯಂ ಅಂತ ತಿಳಿದು ಮೂಳೆಯಲ್ಲಿ ಕೂಡಿಡುತ್ತದೆ. ಬಸುರಿಯಾದಾಗ ಮೂಳೆಯಿಂದ ಹೊರಬಂದು ಹೊಟ್ಟೆಯೊಳಗಿನ ಮಗುವಿಗೂ ಹೋಗುತ್ತದೆ. ಇಷ್ಟಾದರೆ ಪರವಾಗಿಲ್ಲ ಅನ್ನುವಂಥ ಪ್ರಮಾಣವೇ ಗೊತ್ತಿಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಆ ಮನೆಗೆ ಬರುವ ಹುಡುಗಿ ಈಗ ಐದು ತಿಂಗಳ ಬಸುರಿ. ನನ್ನ ದನಿ ಏರಿದ್ದು ಅದಕ್ಕೆ. ಟೈಲ್ಸ್ ನೋಡಿ ಹೊಟ್ಟೆಕಿಚ್ಚು ಅಂತ ಅಂದುಕೊಂಡರೆ ಅಂದುಕೊಳ್ಳಲಿ, ಅಡ್ಡಿಲ್ಲ.

ಮನೆ ಕಟ್ಟಿಸುವವರು ಯುಪಿವಿಸಿ (ಗಟ್ಟಿ ಪಿವಿಸಿ) ಪೈಪ್ ಮೇಲೆ ಐಎಸ್ 4985 ಮುದ್ರೆ ನೋಡಿಯೇ ತಗೊಳ್ಳಿ. ಸೀಸ ಇಲ್ಲದ್ದೇ ಬೇಕು ಅಂತ ಬಾಯಿಬಿಟ್ಟು ಕೇಳಿ, ಬಿಲ್ಲನ್ನೂ ಇಸಕೊಳ್ಳಿ. ಕಟ್ಟಿ ಆದವರು ಬೆಳಿಗ್ಗೆ ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನು ಕುಡಿಯಬೇಡಿ. ಸ್ವಲ್ಪ ಹೊತ್ತು ಬಿಟ್ಟು ದಾಸವಾಳಕ್ಕೆ ಹಾಕಿ. ಗೀಸರ್ ನೀರಿನಲ್ಲಿ ಅನ್ನ ಮಾಡಬೇಡಿ, ಬಿಸಿ ನೀರಿಗೆ ಸೀಸ ಬೇಗ ಕರಗುತ್ತದೆ. ಲ್ಯಾಬಿಗೆ ನೀರು ಕೊಡುವಾಗ ಸೀಸ ನೋಡ್ತೀರಾ ಅಂತ ಮೊದಲೇ ಕೇಳಿ. ಎಲ್ಲ ಕಡೆ ನೋಡೋದಿಲ್ಲ.

ಮತ್ತೆ ಫಿಲ್ಟರ್ ಏಜೆಂಟರೇ, ಆರ್‌ಒ ಹಾಕಿದರೆ ಸೀಸ ಬಹುಪಾಲು ಹೋಗುತ್ತದೆ ಅಂತ ನನಗೂ ಗೊತ್ತು. ದಯವಿಟ್ಟು ಇನ್‌ಬಾಕ್ಸಿಗೆ ಬರಬೇಡಿ.